ಸೇತುವೆಯ ಮೇಲೆ ತಲೆಯೆಣಿಕೆ

ನನ್ನ ಸೋದರತ್ತೆ ಬಸ್ ಕಂಡಕ್ಟರು. ಮೂರು ರಾಜ್ಯಗಳ ಮೇಲೆ ಕೈಕಾಲು ಚಾಚಿ ಮಲಗಿರುವ ಒಂದು ಮಹಾನಗರದಲ್ಲಿ, ನದಿಯ ಈಚೆ ದಡದ ಡಿಪೊದಲ್ಲಿ ಅವಳ ಕೆಲಸ. ನಾನು ಅಲ್ಲಿಗೆ ಹೋದದ್ದು ಎಂ.ಎ. ಪ್ರಬಂಧಕ್ಕಾಗಿ. ವಿಷಯ: ಬಹುರಾಜ್ಯ ಮಹಾನಗರ ಪ್ರದೇಶದ ಭೂಗೋಳ ಮತ್ತು ಜನಸಂಖ್ಯೆ. ಬಹಳ ಯೋಚಿಸಿ ಆರಿಸಿದ ವಿಷಯವೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಅಲ್ಲಿ ಅತ್ತೆಯ ರೂಮಿದೆ, ಊಟ ವಸತಿಗೆ ಯೋಚನೆಯಿಲ್ಲ ಎನ್ನುವುದೇ ಆ ಬಹಳ ಯೋಚನೆ. ನಮ್ಮ ಸಣ್ಣ ಊರಿನ ಕಾಲೇಜಿನಲ್ಲಿ ಆ ವರ್ಷ ಭೂಗೋಳಕ್ಕೆ ನಾನೇ ಮೊದಲಿಗಳು. ತರಗತಿಯಲ್ಲಿ ಎಷ್ಟು ಜನ ಇದ್ದರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲ ದಿನ ಅತ್ತೆಯ ಬಸ್ಸಿನಲ್ಲೇ ಹೊರಟೆ. ತೊಡೆಯ ಮೇಲೆ ನಾನೇ ಬರೆದ ನಕ್ಷೆ. ಅದರಲ್ಲಿ ನದಿ ನೀಲಿ, ಮೂರು ರಾಜ್ಯಗಳಿಗೆ ಮೂರು ಬಣ್ಣ, ನಡುವೆ ಗಡಿಯ ಚುಕ್ಕಿಸಾಲು. ಬಸ್ಸು ಸೇತುವೆ ಹತ್ತುತ್ತಿದ್ದಂತೆ ಕಿಟಕಿಯಿಂದ ಕತ್ತು ಹೊರಗೆ ಹಾಕಿದೆ.

"ಏನೇ ಅದು, ಏನು ಹುಡುಕ್ತಿದೀಯಾ?" ಎಂದಳು ಅತ್ತೆ, ಮೇಲಿನ ಕಂಬಿಗೆ ಜೋತುಬಿದ್ದು.

"ಗಡಿ ಎಲ್ಲಿ ಬರುತ್ತೆ ಅಂತ ನೋಡ್ತಿದೀನಿ."

"ಓ, ಆ ಚುಕ್ಕಿಗಳಾ? ನಿನ್ನೆ ತಾನೇ ಗುಡಿಸಿ ಹಾಕಿದ್ರು ಕಣೇ. ಕತ್ತು ಒಳಗೆ ತಗೋ. ಆಮೇಲೆ ನಿನ್ನ ತಲೆ ಯಾವ ರಾಜ್ಯದಲ್ಲಿ ಬಿತ್ತು ಅಂತ ನಿಮ್ಮಪ್ಪನಿಗೆ ನಾನೇನು ಹೇಳ್ಲಿ?"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಕ್ಷೆಯನ್ನು ಮಡಿಸಿ ಚೀಲಕ್ಕೆ ತುರುಕಿದೆ.

ಆದರೂ ಗಡಿ ಇತ್ತು. ಸೇತುವೆಯ ನಡುವಿನವರೆಗೆ ನುಣ್ಣಗಿದ್ದ ಟಾರು ಅಲ್ಲಿಂದಾಚೆ ಒರಟಾಗಿ, ಕೂತವರ ಕೆನ್ನೆಗಳು ಅದುರತೊಡಗುತ್ತಿದ್ದವು. ಈಚೆ ದಡದ ಬೀದಿದೀಪ ಹಳದಿ, ಆಚೆ ದಡದ್ದು ಬಿಳಿ. ಈಚೆ ಕಚೇರಿಗಳು, ಹಳೆಯ ಮನೆಗಳು, ಬೀದಿಗೊಂದು ಮುದ್ರಣಾಲಯ. ಆಚೆ ಕಾರ್ಖಾನೆಗಳು, ಅವುಗಳ ಬೆನ್ನಿಗೆ ಅಂಟಿಕೊಂಡ ಮೂರಂತಸ್ತಿನ ವಠಾರಗಳು. ಅದನ್ನೂ ದಾಟಿ ರೈಲ್ವೆ ಗೇಟಿನ ಆಚೆಗೆ ಹೋದರೆ ದಿಬ್ಬದ ಮೇಲೆ ಮೂರನೆಯ ರಾಜ್ಯ, ಇನ್ನೂ ಸುಣ್ಣದ ವಾಸನೆ ಆರದ ಹೊಸ ಮನೆಗಳು. ಮೂರನೆಯ ರಾಜ್ಯಕ್ಕೆ ತನ್ನದೇ ಆದ ಬಸ್ ಡಿಪೊ ಇರಲಿಲ್ಲ. ಅಲ್ಲಿಯ ಜನ ಉಳಿದೆರಡು ರಾಜ್ಯಗಳ ಬಸ್ಸುಗಳಲ್ಲೇ ಓಡಾಡಬೇಕಿತ್ತು. ಬೆಳಿಗ್ಗೆ ಎದ್ದು ಒಂದು ರಾಜ್ಯದಲ್ಲಿ ಹಲ್ಲುಜ್ಜಿ, ಇನ್ನೊಂದರಲ್ಲಿ ದುಡಿದು, ಮತ್ತೊಂದರಲ್ಲಿ ಸಂಜೆಯ ಟೀ ಕುಡಿದು ಬರುವವರು ಸಾವಿರಾರು ಜನ. ಅವರನ್ನೆಲ್ಲ ಸಾಗಿಸುತ್ತಿದ್ದವಳು ಅತ್ತೆ. ಆದರೆ ಸಾಗಿಸುತ್ತಿದ್ದದ್ದು ಅರ್ಧ ದಾರಿ ಮಾತ್ರ.

ಒಂದು ರಾಜ್ಯದ ಕಂಡಕ್ಟರು ಇನ್ನೊಂದು ರಾಜ್ಯದಲ್ಲಿ ಟಿಕೆಟು ಹರಿಯುವಂತಿಲ್ಲ ಎನ್ನುವುದು ಅಲ್ಲಿಯ ನಿಯಮ. ಹಾಗಾಗಿ ಸೇತುವೆಯ ಆಚೆ ತುದಿಯಲ್ಲಿ ತಗಡಿನ ಚಾವಣಿಯ ಒಂದು ತಂಗುದಾಣ ಕಟ್ಟಿದ್ದರು. ಡ್ರೈವರು ಕೊನೆಯತನಕ ಅವನೇ. ಕಂಡಕ್ಟರು ಮಾತ್ರ ಅಲ್ಲಿ ಬದಲಾಗಬೇಕು. ಇಳಿಯುವವರು ಬಸ್ಸಿನಲ್ಲಿ ಎಷ್ಟು ತಲೆ ಇವೆ ಎಂದು ಬಾಯಲ್ಲಿ ಹೇಳಬೇಕು, ಹತ್ತುವವರು ಎಣಿಸಿ 'ಸರಿ' ಎನ್ನಬೇಕು. ಆಮೇಲೆ ಸೀಟಿ. ಅತ್ತೆ ಅಲ್ಲಿ ಇಳಿದು, ಎದುರಿನಿಂದ ಬರುವ ಬಸ್ಸನ್ನು ಅದೇ ರೀತಿ ಎಣಿಸಿಕೊಂಡು ಈಚೆಗೆ ಕರೆತರುತ್ತಿದ್ದಳು.

ಆ ದಿನ ಅಲ್ಲಿ ಕಾಯುತ್ತಿದ್ದವರು ಸಪೂರ ಮೈಯ, ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವ ಒಬ್ಬ ಕಂಡಕ್ಟರು. ಮೈಗೋ ಕಿವಿಗೋ, ಅಂತೂ ಎರಡೂ ಡಿಪೊಗಳಲ್ಲಿ ಅವರ ಹೆಸರು ಪೆನ್ಸಿಲ್ ಎಂದೇ ಆಗಿತ್ತು.

"ಐವತ್ತೆರಡು," ಎಂದಳು ಅತ್ತೆ.

ಪೆನ್ಸಿಲ್ ಬೆರಳಾಡಿಸಿ ಎಣಿಸಿದರು. "ಐವತ್ತು."

"ಸರಿಯಾಗಿ ನೋಡ್ರೀ."

"ನೋಡಿದೆ ಮೇಡಂ. ಆ ಎರಡು ತೊಡೆ ಮೇಲಿವೆ. ನಮ್ಮಲ್ಲಿ ತೊಡೆ ಮೇಲಿರೋದು ತಲೆ ಅಲ್ಲ."

"ನಮ್ಮಲ್ಲಿ ಹಲ್ಲು ಬಂದಿದ್ರೆ ತಲೆ."

"ಹಾಗಾದ್ರೆ ಮೂರನೇ ಸೀಟಿನ ಅಜ್ಜನ್ನ ಕಳೀರಿ."

ಮೂರನೇ ಸೀಟಿನ ಅಜ್ಜ ಬೊಚ್ಚುಬಾಯಿ ಬಿಟ್ಟು ಎಲ್ಲರಿಗಿಂತ ಜೋರಾಗಿ ನಕ್ಕ. ಡ್ರೈವರು ಎರಡು ಸಲ ಹಾರನ್ ಒತ್ತಿದ. ಅವನಿಗೆ ಹಾರನ್ ಅಂತಲೇ ಅಡ್ಡಹೆಸರು. ನಗುವುದು, ಬೈಯುವುದು, ಹಸಿವಾಗಿದೆ ಎನ್ನುವುದು ಎಲ್ಲವೂ ಅವನಿಗೆ ಅದರಲ್ಲೇ.

ನಾನು ಮಾತ್ರ ಬೆವತೆ. ಒಂದು ಸೇತುವೆ ದಾಟುವಷ್ಟರಲ್ಲಿ ಜನಸಂಖ್ಯೆ ಎರಡು ಕಡಿಮೆಯಾಗಿತ್ತು. ಯಾರೂ ಸತ್ತಿರಲಿಲ್ಲ, ಯಾರೂ ಇಳಿದಿರಲಿಲ್ಲ. ನನ್ನ ಪ್ರಬಂಧದ ಎರಡನೆಯ ಅಧ್ಯಾಯ ಅಲ್ಲೇ ನದಿಗೆ ಬಿತ್ತು.

ಜಗಳ ಮುಗಿದ ಮೇಲೆ ಅತ್ತೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು: "ಹಿಂದಿನ ಬಾಗಿಲ ಹತ್ರ ಹಸಿರು ಶಾಲಿನವರು. ಆಸ್ಪತ್ರೆ ಸ್ಟಾಪು. ಅಳ್ತಾ ಇದಾರೆ, ಸ್ಟಾಪು ಗಮನಿಸಲ್ಲ. ನೀವೇ ಇಳಿಸಿಬಿಡಿ."

ಪೆನ್ಸಿಲ್ ತಲೆಯಾಡಿಸಿದರು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಮತ್ತೆ ಎದುರಾದಾಗ ತಲೆಯೆಣಿಕೆಗೂ ಮೊದಲು ಅವರು ಹೇಳಿದ್ದು, "ಇಳಿಸಿದೆ. ಮಗಳ ಹೆರಿಗೆಯಂತೆ. ಎರಡು ಜೀವಾನೂ ಕ್ಷೇಮ. ವಾಪಸ್ ಬರ್ತಾ ನಗ್ತಾ ಬಂದ್ರು."

ನನಗೆ ಆಗ ತಿಳಿಯಿತು. ಅತ್ತೆಗೆ ಗೊತ್ತಿದ್ದದ್ದು ಜನ ಹತ್ತುವುದು ಮಾತ್ರ. ಅವರು ಎಲ್ಲಿಗೆ ಹೋದರು, ಹೋದ ಕೆಲಸ ಏನಾಯಿತು ಎನ್ನುವುದೆಲ್ಲ ಪೆನ್ಸಿಲ್ಲರ ಪಾಲು. ವರ್ಷಗಟ್ಟಲೆ ಇಬ್ಬರೂ ಅರ್ಧರ್ಧ ಕಥೆ ಹಿಡಿದುಕೊಂಡು, ಬಸ್ಸು ನಿಲ್ಲುವ ಆ ಅರೆಗಳಿಗೆಯಲ್ಲಿ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಅತ್ತೆಗೆ ಬಾಚಣಿಗೆ ನೆನಪಾಗುವುದು ಬಸ್ಸು ಸೇತುವೆ ಹತ್ತುವಾಗ ಮಾತ್ರ ಎನ್ನುವುದನ್ನೂ ಕಂಡೆ. ಭೂಗೋಳದವರು ಸೂಕ್ಷ್ಮವಾಗಿ ಗಮನಿಸಬೇಕು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಬಹುಶಃ ಇದಕ್ಕಲ್ಲ.

ಅತ್ತೆ ಆ ಊರಿಗೆ ಬಂದದ್ದು ಯಾರದೋ ಬಾಣಂತನಕ್ಕೆ ಸಹಾಯಕ್ಕೆಂದು. ಮಗು ನಡೆಯುವ ಹೊತ್ತಿಗೆ ಇವಳಿಗೆ ಊರಿಗೆ ಮರಳುವ ದಾರಿ ಮರೆತಿತ್ತು. ಕಂಡಕ್ಟರ್ ಕೆಲಸಕ್ಕೆ ಮೇಲಿನ ಕಂಬಿ ಕೈಗೆ ಎಟುಕಬೇಕೆಂಬ ಪರೀಕ್ಷೆ ಇತ್ತಂತೆ. "ಎಟುಕ್ತಿರ್ಲಿಲ್ಲ ಕಣೇ," ಎನ್ನುತ್ತಿದ್ದಳು. "ತುದಿಗಾಲಲ್ಲಿ ನಿಂತೆ. ಸಾಹೇಬ್ರು ಅದೇ ಹೊತ್ತಿಗೆ ಟೀಯೊಳಗೆ ಬಿದ್ದ ಬಿಸ್ಕತ್ತು ಹುಡುಕ್ತಿದ್ರು. ನನ್ನ ನೌಕರಿ ಆ ಬಿಸ್ಕತ್ತಿನ ಕೃಪೆ." ಮದುವೆಯ ಮಾತು ಬಂದರೆ, "ಮಂಗಳವಾರ ಮಾತ್ರ ಕೈಗೆ ಸಿಗೋ ಹೆಂಡತಿ ಯಾರಿಗೆ ಬೇಕು? ನನ್ನನ್ನ ನೋಡೋಕೆ ಬಂದವರೆಲ್ಲ ಭಾನುವಾರ ಬಂದ್ರು. ನಾನು ಬಸ್ಸಲ್ಲಿದ್ದೆ," ಎಂದು ನಗಿಸುತ್ತಿದ್ದಳು. ಈಚೆ ದಡದಲ್ಲಿ ವಾರದ ರಜೆ ಮಂಗಳವಾರ, ಆಚೆಯಲ್ಲಿ ಶುಕ್ರವಾರ. ಒಂದೇ ಮನೆಯ ಗಂಡಹೆಂಡಿರಿಗೆ ಹಗಲಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದ ಊರು ಅದು.

ಅವಳ ರೂಮು ಡಿಪೊದ ಹಿಂದಿನ ಕಟ್ಟಡದ ಎರಡನೇ ಮಹಡಿ. ಕಬ್ಬಿಣದ ಮಂಚ, ಒಂದು ಟ್ರಂಕು, ಮೊಳೆಗೆ ತೂಗುಹಾಕಿದ ಸಮವಸ್ತ್ರ. ಕಿಟಕಿ ತೆರೆದರೆ ಬಸ್ಸು ತೊಳೆಯುವ ಕಟ್ಟೆ. ನೊರೆಯೆಲ್ಲ ಮೋರಿಗೆ ಹರಿದು ಹೋಗುವುದನ್ನು ನೋಡುತ್ತಾ ನಾವಿಬ್ಬರೂ ಟೀ ಕುಡಿಯುತ್ತಿದ್ದೆವು. ಒಂದು ಸಂಜೆ ಅವಳು ಟೀ ಲೋಟವನ್ನು ಹಿಡಿದೇ ಕೂತಳು, ಕುಡಿಯಲಿಲ್ಲ.

"ಏನಾಯ್ತು ಅತ್ತೆ?"

"ಏನಿಲ್ಲ. ಮೂರೂ ರಾಜ್ಯದವರು ಕೂತು ಮಾತಾಡಿದ್ರಂತೆ. ಇನ್ಮೇಲೆ ಒಂದೇ ಟಿಕೆಟ್ಟು. ಒಬ್ಬರೇ ಕಂಡಕ್ಟರು ಕೊನೇತನಕ. ಸೇತುವೆ ಹತ್ರ ಬಸ್ಸು ನಿಲ್ಲೋದೇ ಇಲ್ಲ."

ಜನಕ್ಕೆ ಒಳ್ಳೆಯದೇ ಅಲ್ಲವೇ ಎನ್ನಬೇಕೆಂದುಕೊಂಡೆ. ಅವಳ ಮುಖ ನೋಡಿ ನುಂಗಿಕೊಂಡೆ. "ಹಾಗಾದ್ರೆ ಅವರು?"

"ಯಾವ ಅವರು?"

"ಕಿವಿ ಮೇಲೆ ಪೆನ್ಸಿಲ್ ಇರೋ ಅವರು."

ಟವೆಲ್ಲು ನನ್ನ ಮುಖಕ್ಕೆ ಬಂದು ಬಿತ್ತು. ಆಮೇಲೆ ನಿಧಾನವಾಗಿ ಹೇಳಿದಳು: "ನನ್ನ ಬಸ್ಸು ಆ ಕಡೆ ಹೋಗುವಾಗ ಅವರ ಬಸ್ಸು ಈ ಕಡೆ ಬರುತ್ತೆ. ಕಿಟಕೀಲಿ ಕಂಡರೆ ಕಂಡ್ರು. ಕೈ ಬೀಸೋಣ ಅಂದ್ರೆ ಒಂದು ಕೈ ಕಂಬಿಗೆ ಬೇಕು, ಇನ್ನೊಂದು ಟಿಕೆಟ್ಟಿಗೆ. ಹಾಳಾದ ದೇವರು ಎರಡೇ ಕೊಟ್ಟ." ನಗಲು ನೋಡಿದಳು, ಆಗಲಿಲ್ಲ. ಅತ್ತೆಯ ನಗು ಕೈಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದು ದಾರಿ ಇತ್ತು. ಹೊಸ ವ್ಯವಸ್ಥೆ ಬರುವ ಮುಂಚೆ ಪ್ರತಿ ಕಂಡಕ್ಟರನ್ನೂ ಕೇಳುತ್ತಾರೆ, ಇದೇ ಡಿಪೊದಲ್ಲಿ ಇರುತ್ತೀರೋ, ಆಚೆ ದಡದ ಡಿಪೊಗೆ ಹೋಗುತ್ತೀರೋ ಎಂದು. ಒಂದೇ ಡಿಪೊ ಆದರೆ ಒಂದೇ ವಿಶ್ರಾಂತಿ ಕೋಣೆ, ಒಂದೇ ಟೀ ಅಂಗಡಿ, ಒಂದೇ ವಾರದ ರಜೆ. ಆದರೆ ಡಿಪೊ ಬದಲಿಸಿದವರ ಸೇವಾ ಹಿರಿತನ ಹೋಗುತ್ತದೆ. ನಿನ್ನೆ ಮೊನ್ನೆ ಸೇರಿದವರ ಸಾಲಿನ ಕೊನೆಯಲ್ಲಿ ನಿಂತು, ಬೇರೆಯವರು ಬೇಡವೆಂದ ಡ್ಯೂಟಿ ಮಾಡಬೇಕು. ಒಮ್ಮೆ ಹೇಳಿದರೆ ಐದು ವರ್ಷ ಮಾತು ಬದಲಿಸುವಂತಿಲ್ಲ.

ನನಗೆ ಹುರುಪು ಬಂತು. ವಲಸೆಗೆ ತಳ್ಳುವ ಕಾರಣ, ಸೆಳೆಯುವ ಕಾರಣ ಎಂದು ಎರಡು ಬಗೆ ಇರುತ್ತವೆ ಎಂದು ಶುರುಮಾಡಿ, ಕೈಬೀಸಿ ಬೀಸಿ ವಿವರಿಸಿದೆ. ಅತ್ತೆ ಪೂರ್ತಿ ಕೇಳಿ, "ಇಷ್ಟುದ್ದ ಹೇಳೋಕೆ ನಿಮಗೆ ಎಂ.ಎ. ಕೊಡ್ತಾರಾ?" ಎಂದಳು. ಆಮೇಲೆ, "ಅವರನ್ನ ಒಂದು ಮಾತು ಕೇಳ್ಲಾ?"

"ಈಗಲೇ ಬೇಡ ಅತ್ತೆ. ಆರ್ಡರ್ ಕೈಗೆ ಬರಲಿ. ಸೇತುವೆ ಮೇಲೆ ಹೇಳು, ಚೆನ್ನಾಗಿರುತ್ತೆ."

ಯಾಕೆ ಹಾಗೆಂದೆ? ಸೇತುವೆ, ಕೆಳಗೆ ನದಿ, ಗಾಳಿಗೆ ಹಾರುವ ಕೂದಲು, ಅಷ್ಟೆಲ್ಲ ನನಗೆ ಕಾಣುತ್ತಿತ್ತು. ಆ ಊರಿನ ಭೂಗೋಳವನ್ನು ನಾನು ಅದಕ್ಕಿಂತ ಚೆನ್ನಾಗಿ ಎಂದೂ ಕಲ್ಪಿಸಿಕೊಂಡಿರಲಿಲ್ಲ.

ಡಿಪೊ ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರಂತೆ. ಅತ್ತೆ "ಆಚೆ ದಡ" ಎಂದಾಗ ಸಾಹೇಬರು ತಲೆಯೆತ್ತಿ, "ಹುಷಾರಾಗಿದೀರೇನಮ್ಮಾ?" ಎಂದರಂತೆ. ಡಿಪೊದಿಂದ ಹೊರಟವಳು ಇವಳೊಬ್ಬಳೇ. ಜೊತೆಯ ಹೆಂಗಸರು, "ಆ ಕಡೆ ಏನಿದೆ ಅಕ್ಕಾ?" ಎಂದು ವಾರವೆಲ್ಲ ಕಾಡಿದರು. "ನೀರು ಚೆನ್ನಾಗಿದೆ," ಎಂದಳಂತೆ ಇವಳು. ಎರಡೂ ದಡದವರು ಕುಡಿಯುವುದು ಒಂದೇ ನದಿಯ ನೀರು.

ಆರ್ಡರ್ ಬಂದ ದಿನ ನಾನು ಮುಂದಿನ ಸೀಟಿನಲ್ಲಿ, ಒಳ್ಳೆಯ ಬಟ್ಟೆ ಹಾಕಿಕೊಂಡು ಕೂತಿದ್ದೆ. ತಂಗುದಾಣ ಬಂತು. ಪೆನ್ಸಿಲ್ ಆ ದಿನ ನುಣ್ಣಗೆ ಕ್ಷೌರ ಮಾಡಿಸಿಕೊಂಡಿದ್ದರು. ಅದನ್ನು ಗಮನಿಸಿಯೂ ನನಗೆ ಏನೂ ಹೊಳೆಯಲಿಲ್ಲ.

"ನಲವತ್ತೇಳು," ಎಂದಳು ಅತ್ತೆ. ಮೆಟ್ಟಿಲು ಇಳಿಯದೆ ಅಲ್ಲೇ ನಿಂತಳು. "ಒಂದನೇ ತಾರೀಕಿಂದ ನಾನು ನಿಮ್ಮ ಡಿಪೊ."

ಎಣಿಸುತ್ತಿದ್ದ ಬೆರಳು ಗಾಳಿಯಲ್ಲೇ ನಿಂತಿತು. "ನಮ್ಮ ಡಿಪೊ ಅಂದ್ರೆ?"

"ನಿಮ್ಮ ಡಿಪೊ ಅಂದ್ರೆ ನಿಮ್ಮ ಡಿಪೊ ಕಣ್ರೀ. ಕೇಳಿ ತಗೊಂಡೆ."

ಪೆನ್ಸಿಲ್ ಬೆರಳು ಇಳಿಸಿದರು. "ಮೇಡಂ, ನಾನು ನಿಮ್ಮ ಡಿಪೊ ಕೇಳಿ ತಗೊಂಡಿದೀನಿ. ಬೆಳಿಗ್ಗೆ ಆರ್ಡರ್ ಬಂತು. ನಿಮಗೆ ಹೇಳೋಣ ಅಂತಲೇ..."

ಡ್ರೈವರು ಎಂಜಿನ್ ಆರಿಸಿದ. ಹಾರನ್ ಮೇಲೆ ಕೈಯಿಟ್ಟವನು ಒತ್ತುವುದನ್ನು ಮರೆತ.

"ಅಂದ್ರೆ ಇವರು ಅಲ್ಲಿಗೆ, ಅವರು ಇಲ್ಲಿಗಾ?" ಎಂದಿತು ಹಿಂದಿನಿಂದ ಒಂದು ದನಿ.

"ಮತ್ತೆ ಮೊದಲಿನ ಹಾಗೇ ಆಯ್ತಲ್ಲ!"

"ಮೊದಲಿನ ಹಾಗೆ ಎಲ್ಲಿ ಬಂತು? ಮೊದಲು ನಿಂತಾದ್ರೂ ಜಗಳ ಆಡ್ತಿದ್ರು."

"ಇಷ್ಟು ವರ್ಷ ದಿನಾ ಮಾತಾಡ್ಕೊಂಡು, ಇದೊಂದು ಮಾತು ಆಡಿಲ್ವಾ ಇವರು?"

ನಮ್ಮ ಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ. ಇಲ್ಲಿಂದ ಅಲ್ಲಿಗೆ ಒಬ್ಬರು, ಅಲ್ಲಿಂದ ಇಲ್ಲಿಗೆ ಒಬ್ಬರು. ನಿವ್ವಳ ವಲಸೆ ಸೊನ್ನೆ. ಅದನ್ನು ಹೇಳಲು ಬಾಯಿ ತೆರೆದೆ. ಅತ್ತೆ ನನ್ನತ್ತ ಒಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡೆ. ಚೆನ್ನಾಗಿರುತ್ತೆ ಎಂದವಳು ನಾನೇ ತಾನೆ.

ಅವಳ ಕಣ್ಣು ತುಂಬಿತ್ತು. ಐದು ವರ್ಷ. ಅಷ್ಟೊಂದು ವರ್ಷಗಳ ಹಿರಿತನ ಬಿಟ್ಟುಕೊಟ್ಟು ಅವಳು ಸಂಪಾದಿಸಿದ್ದು ನದಿಯ ಇನ್ನೊಂದು ದಡ, ಅವರಿಲ್ಲದ ದಡ. ಅವರೂ ಅಷ್ಟನ್ನೇ ಕೊಟ್ಟು ಅಷ್ಟನ್ನೇ ಸಂಪಾದಿಸಿದ್ದರು. ಹಿಂದೆ ಒಂದು ಲಾರಿ ಬಂದು ನಿಂತಿತು, ಅದರ ಹಿಂದೆ ಇನ್ನೊಂದು.

"ಬಾಯಿಬಿಟ್ಟು ಒಂದು ಮಾತು ಕೇಳೋಕೆ ನಿಮಗೆ ಏನಾಗಿತ್ತು?" ಎಂದಳು ಅತ್ತೆ.

"ನೀವೂ ಕೇಳಬಹುದಿತ್ತು."

"ನಾನು ಪೆದ್ದಿ ಅಂತ ಎಲ್ಲರಿಗೂ ಗೊತ್ತು. ನೀವು ಜಾಣರು ಅಂದ್ಕೊಂಡಿದ್ದೆ."

"ತಪ್ಪು ತಿಳ್ಕೊಂಡಿದ್ರಿ."

ಅತ್ತೆ ಬಸ್ಸಿನಿಂದ ಇಳಿದಳು. ಚರ್ಮದ ಚೀಲವನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಅವರ ಎದುರಿಗೆ ನಿಂತಳು. ಗಾಳಿ ಇರಲಿಲ್ಲ, ಕೂದಲು ಹಾರಲಿಲ್ಲ. ಲಾರಿಯ ಹೊಗೆ ಇತ್ತು.

"ಸರಿ, ಈಗ ಕೇಳ್ತೀನಿ. ಸಂಜೆ ಬಸ್ಸು ಒಪ್ಪಿಸಿದ ಮೇಲೆ ಎಲ್ಲಿಗೆ ಹೋಗ್ತೀರಿ?"

"ರೂಮಿಗೆ."

"ಒಬ್ಬರೇ?"

"ಇನ್ಯಾರಿದಾರೆ?"

"ನಾನೂ ರೂಮಿಗೇ ಹೋಗೋದು. ಡಿಪೊ ಎಲ್ಲಾದ್ರೂ ಹಾಳಾಗಿ ಹೋಗ್ಲಿ. ಸಂಜೆಗೆ ಒಂದು ಮನೆ ಮಾಡೋಣ್ವಾ?"

ಪೆನ್ಸಿಲ್ ಏನೋ ಹೇಳಲು ಹೋಗಿ, ಕೆಮ್ಮಿ, ಕೊನೆಗೆ ಕೆಲಸದ ಮನುಷ್ಯನ ಪ್ರಶ್ನೆಯನ್ನೇ ಕೇಳಿದರು: "ಯಾವ ದಡದಲ್ಲಿ?"

"ಯಾವ ದಡಾನೂ ಬೇಡ. ದಿಬ್ಬದ ಮೇಲೆ. ಎರಡೂ ಡಿಪೊದ ಕೊನೇ ಬಸ್ಸು ಅಲ್ಲೇ ಹೋಗಿ ನಿಲ್ಲೋದು, ಬೆಳಿಗ್ಗೆ ಅಲ್ಲಿಂದಲೇ ಹೊರಡೋದು."

"ಹೂಂ ಅನ್ನಪ್ಪಾ," ಎಂದ ಅದೇ ಬೊಚ್ಚುಬಾಯಿಯ ಅಜ್ಜ ಕಿಟಕಿಯಿಂದ. "ನಾನು ಡಾಕ್ಟ್ರ ಹತ್ರ ಹೋಗ್ಬೇಕು."

"ಹೂಂ," ಎಂದರು ಪೆನ್ಸಿಲ್. ಆಗ ಒತ್ತಿದ ಹಾರನ್, ರೈಲ್ವೆ ಗೇಟಿನವರೆಗೂ ಬಿಡಲಿಲ್ಲ ನಮ್ಮ ಡ್ರೈವರು. ನಲವತ್ತೇಳು ತಲೆ ಇದ್ದವೋ ಇಲ್ಲವೋ, ಆ ದಿನ ಯಾರೂ ನೋಡಲಿಲ್ಲ.

ಮದುವೆ ಎಂದರೆ ಮೂರನೆಯ ರಾಜ್ಯದ ಒಂದು ಕಚೇರಿಯಲ್ಲಿ ಎರಡು ಸಹಿ. ಸಾಕ್ಷಿಗೆ ಡ್ರೈವರು ಮತ್ತು ನಾನು. ದಿಬ್ಬದ ಮೇಲೆ ಎರಡು ಕೋಣೆಯ ಮನೆ ಸಿಕ್ಕಿತು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಅತ್ತೆಗೆ ಈಗ ಶುಕ್ರವಾರ ರಜೆ, ಅವರಿಗೆ ಮಂಗಳವಾರ. ಇಬ್ಬರಿಗೂ ಯಾರೂ ಬೇಡವೆಂದ ಬೆಳಗಿನ ಜಾವದ ಡ್ಯೂಟಿ. ಮೊದಲ ಬಸ್ಸುಗಳೆರಡೂ ಒಂದರ ಹಿಂದೆ ಒಂದು ಹೊರಡುತ್ತವಾದ್ದರಿಂದ ಸ್ಟಾಪಿನವರೆಗೆ ಜೊತೆಗೇ ನಡೆದುಹೋಗುತ್ತಾರೆ, ಹಲ್ಲಿನ ಮಾತೋ ತೊಡೆಯ ಮಾತೋ, ಏನಾದರೂ ಜಗಳವಾಡುತ್ತಾ.

ನನ್ನ ಪ್ರಬಂಧ ಪಾಸಾಯಿತು. ನಕ್ಷೆ ಅಚ್ಚುಕಟ್ಟಾಗಿದೆ ಎಂದು ಪರೀಕ್ಷಕರು ಹೊಗಳಿದರು. ಬೇರೇನನ್ನೂ ಹೊಗಳಲಿಲ್ಲ.

ಅದಕ್ಕೂ ಮೊದಲು, ದಿಬ್ಬದ ಮನೆಗೆ ಸಾಮಾನು ಸಾಗಿಸಿದ ದಿನ ಅಪ್ಪನ ಫೋನ್ ಬಂದಿತ್ತು. ತಂಗಿ ತನ್ನನ್ನು ಕೇಳದೆ ಮದುವೆಯಾದಳೆಂದು ಅಪ್ಪ ಆ ಒಂದು ವಾರ ಮಾತು ಬಿಟ್ಟಿದ್ದರು. ಅತ್ತೆ ಫೋನ್ ನೋಡಿ ಬೆಂಕಿ ಮುಟ್ಟಿದವಳಂತೆ ನನ್ನ ಕೈಗೆ ತುರುಕಿದಳು. "ಓದಿದವಳು ನೀನು. ನಾನು ಎಲ್ಲಿದೀನಿ ಅಂತ ನಿಮ್ಮಪ್ಪನಿಗೆ ಹೇಳು."

"ಎಲ್ಲಿದಾಳೆ ಅವಳು?" ಎಂದರು ಅಪ್ಪ.

"ದಿಬ್ಬದ ಮೇಲೆ, ಅಪ್ಪ. ಅಂದ್ರೆ ಮೂರನೇ ರಾಜ್ಯ. ಕೆಲಸ ಎರಡನೇದರಲ್ಲಿ. ಮಾವಂದು ಮೊದಲನೇದರಲ್ಲಿ."

'ಮಾವ' ಎಂದು ನಾನು ಅಂದದ್ದು ಅದೇ ಮೊದಲು. ಸ್ಟೂಲಿನ ಮೇಲೆ ನಿಂತು ಪರದೆಗೆ ಮೊಳೆ ಹೊಡೆಯುತ್ತಿದ್ದ ಅವರು ಸುತ್ತಿಗೆ ಎತ್ತಿದ ಕೈಯನ್ನು ಹಾಗೇ ಹಿಡಿದು ನನ್ನತ್ತ ತಿರುಗಿದರು.

"ಇದೇನೇ ಇದು, ಯಾವ ರಾಜ್ಯ ಅಂತ ಸರಿಯಾಗಿ ಹೇಳು," ಎಂದರು ಅಪ್ಪ. "ಎಲ್ಲಿದಾಳೆ ಅಂತ ತಿಳ್ಕೊಳ್ಳೋದು?"

ಐದು ವರ್ಷ ಓದಿದ ಭೂಗೋಳದಲ್ಲಿ ಹುಡುಕಿದೆ. "ಮೊಳೆ ಸೊಟ್ಟಗಾಯ್ತು ನೋಡ್ರೀ," ಎನ್ನುತ್ತಿದ್ದಳು ಅತ್ತೆ. "ಗೋಡೆ ಸೊಟ್ಟಗಿದೆ," ಎನ್ನುತ್ತಿದ್ದರು ಮಾವ.

"ಮನೇಲಿದಾಳೆ ಅಪ್ಪ," ಎಂದೆ.

ಅಪ್ಪ ರಾಜ್ಯದ ಮಾತು ಅಲ್ಲಿಗೇ ಬಿಟ್ಟರು. "ರಾತ್ರಿ ಊಟಕ್ಕೆ ಏನು ಮಾಡ್ಕೊಂಡಿದಾರಂತೆ, ಕೇಳು."